ಹುಲಿಗೆ ಕೊಟ್ಟಿಗೆಯ ಸುದ್ದಿ ತಿಳಿದದ್ದು ಹೇಗೆ? ಕಥೆಯ ದೃಷ್ಟಿಕೋನವನ್ನು ಮಕ್ಕಳಿಗೆ ಕಲಿಸುವ ಬಗ್ಗೆ

ಪ್ರಶ್ನೆ: ಕನ್ನಡ ಶಿಕ್ಷಕಿ, ತೀರ್ಥಹಳ್ಳಿ ತಾಲ್ಲೂಕು

ಎಲ್ಲರಿಗೂ ನಮಸ್ಕಾರ. ನಾನು ಇಲ್ಲಿನ ಒಂದು ಹಿರಿಯ ಪ್ರಾಥಮಿಕ ಶಾಲೆಯಲ್ಲಿ ನಾಲ್ಕು ಮತ್ತು ಐದನೆಯ ತರಗತಿಗಳಿಗೆ ಕನ್ನಡ ಕಲಿಸುತ್ತಿದ್ದೇನೆ. ಎರಡೂ ತರಗತಿಗಳು ಒಂದೇ ಕೋಣೆಯಲ್ಲಿ ಕೂರುತ್ತವೆ. ಒಂದು ಕಥೆಯನ್ನು ಯಾರು ಹೇಳುತ್ತಿದ್ದಾರೆ, ಯಾರ ಕಣ್ಣಿನಿಂದ ನಾವು ಅದನ್ನು ನೋಡುತ್ತಿದ್ದೇವೆ ಎಂಬುದನ್ನು ಮಕ್ಕಳು ಗಮನಿಸಲಿ ಎಂಬ ಆಸೆಯಿಂದ, ಅವರಿಗೆಲ್ಲ ಬಾಯಿಪಾಠವಾಗಿರುವ ಪುಣ್ಯಕೋಟಿಯ ಕಥೆಯನ್ನು ಹುಲಿಯೇ ಹೇಳಿದಂತೆ ಬರೆಯಿರಿ ಎಂದು ಕೊಟ್ಟಿದ್ದೆ. ಮಕ್ಕಳು ಬಹಳ ಹುರುಪಿನಿಂದಲೇ ಬರೆದರು. ಆದರೆ ಬಹುಪಾಲು ಪುಸ್ತಕಗಳಲ್ಲಿ ಆಗಿದ್ದು ಇಷ್ಟೇ: "ಹುಲಿ" ಎಂದಿದ್ದ ಕಡೆಯಲ್ಲೆಲ್ಲ "ನಾನು" ಬಂದಿದೆ, ಉಳಿದದ್ದೆಲ್ಲ ಹಾಗೆಯೇ ಇದೆ. ಕಾಡಿನ ಗವಿಯ ಬಾಗಿಲಲ್ಲಿ ಹಸಿದು ಕೂತಿರುವ ಹುಲಿಯು, ಕೊಟ್ಟಿಗೆಯಲ್ಲಿ ಪುಣ್ಯಕೋಟಿ ತನ್ನ ಕರುವಿಗೆ ಹಾಲೂಡಿಸಿ ಏನೆಂದಳು, ಜೊತೆಯ ಹಸುಗಳಿಗೆ ಕರುವನ್ನು ಹೇಗೆ ಒಪ್ಪಿಸಿದಳು ಎಂಬುದನ್ನೆಲ್ಲ ಪಕ್ಕದಲ್ಲೇ ನಿಂತು ಕೇಳಿದಂತೆ ವಿವರಿಸುತ್ತದೆ. ಒಬ್ಬ ಹುಡುಗನ ಹುಲಿಯಂತೂ "ನಾನು ಹಾರಿ ಪ್ರಾಣ ಬಿಟ್ಟೆ. ಆಮೇಲೆ ಪುಣ್ಯಕೋಟಿ ಸಂತೋಷದಿಂದ ಮನೆಗೆ ಹೋಯಿತು" ಎಂದು ಸತ್ತ ಮೇಲೂ ಕಥೆಯನ್ನು ಮುಂದುವರಿಸಿದೆ.

ಇದನ್ನು ತಪ್ಪೆಂದು ಹೇಳುವುದು ಸುಲಭ. ಏಕೆ ತಪ್ಪೆಂದು ಹತ್ತು ವರ್ಷದ ಮಗುವಿಗೆ ಅರ್ಥವಾಗುವಂತೆ ಹೇಳುವುದು ಹೇಗೆಂದು ನನಗೆ ಹೊಳೆಯುತ್ತಿಲ್ಲ. ಉತ್ತಮ ಪುರುಷ, ಪ್ರಥಮ ಪುರುಷ ಎಂಬ ವ್ಯಾಕರಣದ ಪಾಠವು ಈ ಕೆಲಸಕ್ಕೆ ಸಾಲುವುದಿಲ್ಲವೆಂದು ಕಾಣುತ್ತದೆ. ಈ ವಯಸ್ಸಿಗೆ ಇದು ಹೆಚ್ಚಾಯಿತೇ ಎಂಬ ಅನುಮಾನವೂ ಇದೆ.

ಇದರ ಜೊತೆಗೆ ಇನ್ನೊಂದು ತೊಡಕು. ಪೋಷಕರೊಬ್ಬರು ಬಂದು, ಸತ್ಯವನ್ನೇ ದೇವರೆಂದು ನಂಬಿದ ಹಸುವಿನ ಕಥೆಯನ್ನು ಹುಲಿಯ ಪರವಾಗಿ ಬರೆಸಿದರೆ ಅದರ ನೀತಿ ಉಳಿಯುತ್ತದೆಯೇ ಎಂದು ಕೇಳಿದರು. ಅವರ ಮಾತಿನಲ್ಲಿ ಕುಹಕವಿರಲಿಲ್ಲ. ನಿಜವಾದ ಕಳವಳವೇ ಇತ್ತು. ಅವರಿಗೆ ಏನು ಹೇಳಬೇಕು? ಅನುಭವವಿರುವವರು ದಯವಿಟ್ಟು ತಿಳಿಸಿ.

ಉತ್ತರ: ನಿವೃತ್ತ ಶಿಕ್ಷಕ, ಹೊಸನಗರ

ಮೇಡಂ, ನಿಮ್ಮ ಮಕ್ಕಳು ಮಾಡಿದ್ದು ತೀರಾ ಸಹಜವಾದದ್ದು. ನೀವು ಕೊಟ್ಟ ಕಥೆ ಅವರಿಗೆ ಮೊದಲಿನಿಂದ ಕೊನೆಯವರೆಗೆ ಗೊತ್ತಿದೆ. ಗೊತ್ತಿರುವುದನ್ನು ಗೊತ್ತಿಲ್ಲವೆಂಬಂತೆ ಬರೆಯುವುದು ದೊಡ್ಡವರಿಗೂ ಕಷ್ಟದ ಕೆಲಸ. ಆದ್ದರಿಂದ ಮೊದಲು ಅವರಿಗೆ ಗೊತ್ತಿಲ್ಲದ ಕಥೆಯೊಂದನ್ನು ತೆಗೆದುಕೊಳ್ಳಿ, ಮತ್ತು ಆ ಕಥೆ ಎಲ್ಲರಿಗೂ ಪೂರ್ತಿಯಾಗಿ ಸಿಗದಂತೆ ನೋಡಿಕೊಳ್ಳಿ.

ನಾನು ತರಗತಿಯಲ್ಲಿ ಬಳಸುತ್ತಿದ್ದ ಕಥೆ ಇದು. ಬೇಕಾದರೆ ಹಾಗೆಯೇ ಬಳಸಿಕೊಳ್ಳಬಹುದು. ಸಂಜೆ ತೋಟದಿಂದ ಬರುವಾಗ ಹುಡುಗನೊಬ್ಬ ದಣಪೆ (ಬೇಲಿಯ ದಾರಿಗೆ ಅಡ್ಡ ಹಾಕುವ ಗಳುಗಳು) ಹಾಕುವುದನ್ನು ಮರೆತು ಮನೆಗೆ ಓಡಿ ಬರುತ್ತಾನೆ. ರಾತ್ರಿ ಪಕ್ಕದ ಮನೆಯ ಎಮ್ಮೆ ಒಳಗೆ ನುಗ್ಗಿ ಬಾಳೆಯ ಕಂದುಗಳನ್ನು ಮೇಯುತ್ತದೆ. ನಾಯಿ ಓಡಿಹೋಗಿ ಎಮ್ಮೆಯನ್ನು ಕಂಡು ಬೊಗಳುತ್ತದೆ. ಅಜ್ಜನಿಗೆ ಎಚ್ಚರವಾಗಿ, ಕಾಡುಹಂದಿಯೇ ಬಂತೆಂದು ತಿಳಿದು, ಜಗಲಿಯಲ್ಲಿ ನಿಂತೇ ಒಂದು ಗರ್ನಾಲು ಪಟಾಕಿ ಹೊಡೆಯುತ್ತಾನೆ. ಬೆಳಿಗ್ಗೆ ಎಮ್ಮೆಯ ಒಡತಿಗೆ ತನ್ನ ಎಮ್ಮೆಯ ಕಾಲಿನಲ್ಲಿ ತೋಟದ ಕೆಸರು ಕಾಣುತ್ತದೆ, ಆದರೆ ಅವಳು ಸುಮ್ಮನಿರುತ್ತಾಳೆ. ಅಜ್ಜ ಊರಿಗೆಲ್ಲ ಹಂದಿಯ ಕಾಟವನ್ನು ಹೇಳಿಕೊಂಡು ತಿರುಗುತ್ತಾನೆ. ಕಥೆ ಅಷ್ಟೇ.

ತರಗತಿಯನ್ನು ನಾಲ್ಕು ಗುಂಪು ಮಾಡಿ. ಹುಡುಗನ ಗುಂಪಿಗೆ ದಣಪೆಯ ಭಾಗವನ್ನು ಓದಿ ಹೇಳುವಾಗ ಉಳಿದ ಮೂರೂ ಗುಂಪುಗಳು ಹೊರಗೆ ಜಗಲಿಯಲ್ಲಿರಬೇಕು. ನಾಯಿಯ ಗುಂಪಿಗೆ ಎಮ್ಮೆಯ ಭಾಗ, ಅಜ್ಜನ ಗುಂಪಿಗೆ ಕತ್ತಲಲ್ಲಿ ಕೇಳಿದ ಸದ್ದು ಮತ್ತು ನಾಯಿಯ ಬೊಗಳು ಮಾತ್ರ, ಒಡತಿಯ ಗುಂಪಿಗೆ ಕೆಸರಿನ ಕಾಲು ಮಾತ್ರ. ಆಮೇಲೆ ಪ್ರತಿ ಗುಂಪೂ "ನಿನ್ನೆ ರಾತ್ರಿ ಏನಾಯಿತು" ಎಂದು ಬರೆಯಲಿ. ಅಜ್ಜನ ಗುಂಪಿನ ಮಕ್ಕಳು ಹಂದಿಯ ಮೇಲೆ ಪ್ರಮಾಣ ಮಾಡಿ ಬರೆಯುತ್ತಾರೆ; ಅದನ್ನು ಓದಿದಾಗ ನಾಯಿಯ ಗುಂಪಿನವರು ನಕ್ಕು ಬೀಳುತ್ತಾರೆ. ಆ ನಗುವಿನ ಹೊತ್ತಿನಲ್ಲೇ "ಅಜ್ಜ ಸುಳ್ಳು ಹೇಳುತ್ತಿದ್ದಾನೆಯೇ?" ಎಂದು ಕೇಳಿ. ತರಗತಿ ಒಮ್ಮೆಲೇ ಎರಡು ಪಾಲಾಗುತ್ತದೆ. ಅಜ್ಜನದು ಸುಳ್ಳಲ್ಲ, ತಪ್ಪು ತಿಳಿವಳಿಕೆ. ಒಡತಿ ಒಂದೂ ಸುಳ್ಳಾಡಿಲ್ಲ, ಆದರೆ ಮುಚ್ಚಿಟ್ಟಿದ್ದಾಳೆ. ಈ ವ್ಯತ್ಯಾಸವನ್ನು ಮಕ್ಕಳೇ ತಮ್ಮ ಮಾತಿನಲ್ಲಿ ಹೇಳಿದ ಮೇಲೆ, ದೃಷ್ಟಿಕೋನ ಎಂಬ ಪದವನ್ನು ನೀವು ಹಲಗೆಯ ಮೇಲೆ ಬರೆದರೂ ಸರಿ, ಬರೆಯದಿದ್ದರೂ ಸರಿ.

ಇದಾದ ನಂತರ ಪುಣ್ಯಕೋಟಿಗೆ ಮರಳಬಹುದು. ಆಗ ಒಂದೇ ಪ್ರಶ್ನೆಯನ್ನು ಬಿಡದೆ ಕೇಳಬೇಕು: ಈ ಮಾತು ಹುಲಿಗೆ ಹೇಗೆ ಗೊತ್ತಾಯಿತು? ಕರುವೊಂದಿದೆ, ಅದು ಹಸಿದಿದೆ ಎಂದು ಹುಲಿಗೆ ಗೊತ್ತು, ಏಕೆಂದರೆ ಹಸುವೇ ಅದನ್ನು ಹೇಳಿ ಅಪ್ಪಣೆ ಬೇಡಿದೆ. ಕೊಟ್ಟಿಗೆಯಲ್ಲಿ ನಡೆದದ್ದು ಗೊತ್ತಿಲ್ಲ. ಹಾಗಾದರೆ ಹುಲಿಯ ಕಥೆಯಲ್ಲಿ ಆ ಹೊತ್ತಿಗೆ ಏನಿರಬೇಕು? ಕಾಯುವಿಕೆ ಇರಬೇಕು. ಹೊಟ್ಟೆಯ ಸಂಕಟ, ಬಿಟ್ಟು ಕಳಿಸಿದ್ದು ದಡ್ಡತನವಾಯಿತೇನೋ ಎಂಬ ಯೋಚನೆ, ತರಗೆಲೆಯ ಸದ್ದಾದಾಗ ಕಿವಿ ನಿಮಿರುವುದು. ಮೂಲ ಕಥೆಯಲ್ಲಿ ಇಲ್ಲದ ಈ ಭಾಗವನ್ನು ಮಕ್ಕಳು ತಾವೇ ಹುಟ್ಟಿಸಬೇಕಾಗುತ್ತದೆ, ಮತ್ತು ನನ್ನ ಅನುಭವದಲ್ಲಿ ಅವರ ಅತ್ಯುತ್ತಮ ಬರವಣಿಗೆ ಬರುವುದು ಅಲ್ಲಿಯೇ.

ಕ್ರಿಯಾಪದಗಳ ಕಡೆಗೂ ಗಮನ ಸೆಳೆಯಿರಿ. ಗವಿಯಲ್ಲಿರುವ ಹುಲಿಗೆ ಹಸು ಮರಳಿ "ಬಂದಿತು". ಕೊಟ್ಟಿಗೆಯಲ್ಲಿರುವ ಕರುವಿಗೆ ಅದೇ ನಡಿಗೆಯಲ್ಲಿ ಅಮ್ಮ "ಹೋದಳು". ಹುಲಿ ಆ ಹಸುವನ್ನು ಮೊದಲ ಸಾಲಿನಿಂದಲೇ ಹೆಸರು ಹಿಡಿದು ಕರೆಯಬಹುದೇ ಎಂದು ಕೇಳಿ ನೋಡಿ. ನಿಮ್ಮ ಐದನೆಯ ತರಗತಿಯಲ್ಲಿ ಒಬ್ಬರಾದರೂ ಪೆನ್ಸಿಲು ತೆಗೆದುಕೊಂಡು ಹೆಸರನ್ನು ಹೊಡೆದು "ಒಂದು ಹಸು" ಎಂದು ತಿದ್ದುತ್ತಾರೆ.

ಉತ್ತರ: ಮನಃಶಾಸ್ತ್ರ ಉಪನ್ಯಾಸಕಿ, ಶಿವಮೊಗ್ಗ

ವಯಸ್ಸಿನ ಬಗ್ಗೆ ಕೇಳಿದ್ದೀರಿ, ಅದಕ್ಕಷ್ಟೇ ಉತ್ತರಿಸುತ್ತೇನೆ. ಇನ್ನೊಬ್ಬರಿಗೆ ತನಗೆ ತಿಳಿದದ್ದು ತಿಳಿದಿಲ್ಲದಿರಬಹುದು ಎಂಬ ಅರಿವು ಮಕ್ಕಳಲ್ಲಿ ಯಾವಾಗ ಮೂಡುತ್ತದೆ ಎಂಬುದನ್ನು ಪರೀಕ್ಷಿಸುವ ಒಂದು ಪ್ರಸಿದ್ಧ ವಿಧಾನವನ್ನು 1983ರಲ್ಲಿ ಹೈನ್ಸ್ ವಿಮ್ಮರ್ ಮತ್ತು ಯೋಸೆಫ್ ಪೆರ್ನರ್ ರೂಪಿಸಿದರು. ನಮ್ಮ ಮನೆಯ ಮಾತಿನಲ್ಲಿ ಹೇಳುವುದಾದರೆ ಅದು ಹೀಗಿದೆ: ತಂಗಿ ಕೋಡುಬಳೆಯನ್ನು ಡಬ್ಬದಲ್ಲಿಟ್ಟು ಶಾಲೆಗೆ ಹೋಗುತ್ತಾಳೆ, ಅವಳಿಲ್ಲದಾಗ ಅಜ್ಜಿ ಇರುವೆಯ ಕಾಟಕ್ಕೆ ಅದನ್ನು ತೆಗೆದು ನೆಲುವಿನ ಮೇಲಿಡುತ್ತಾಳೆ, ತಂಗಿ ಮರಳಿ ಬಂದು ಮೊದಲು ಎಲ್ಲಿ ಹುಡುಕುತ್ತಾಳೆ? ಮೂರು ವರ್ಷದ ಮಗು ಸಾಮಾನ್ಯವಾಗಿ "ನೆಲುವಿನಲ್ಲಿ" ಎನ್ನುತ್ತದೆ, ಏಕೆಂದರೆ ಅದಕ್ಕೆ ನಿಜ ಗೊತ್ತಿದೆ. ನಾಲ್ಕು, ಐದರ ಹೊತ್ತಿಗೆ "ಡಬ್ಬದಲ್ಲಿ" ಎಂಬ ಉತ್ತರ ಬರತೊಡಗುತ್ತದೆ. ಭಾರತವೂ ಸೇರಿದಂತೆ ಐದು ದೇಶಗಳ ಮಕ್ಕಳ ಮೇಲೆ ನಡೆದು 2005ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿಯೂ ಈ ಬದಲಾವಣೆ ಹೆಚ್ಚುಕಡಿಮೆ ಅದೇ ವಯಸ್ಸಿನಲ್ಲಿ ಕಂಡುಬಂದಿತು. "ಅವಳು ಹೀಗೆ ತಿಳಿದಿದ್ದಾಳೆಂದು ಇವನು ತಿಳಿದಿದ್ದಾನೆ" ಎಂಬ ಎರಡನೆಯ ಸುತ್ತಿನ ಯೋಚನೆ ಆರು, ಏಳರ ಆಸುಪಾಸಿನಲ್ಲಿ ಕೈಗೂಡುತ್ತದೆ.

ಅಂದರೆ ನಿಮ್ಮ ಐದನೆಯ ತರಗತಿಯ ಮಕ್ಕಳಿಗೆ ಹುಲಿಯ ಅಜ್ಞಾನವನ್ನು ಊಹಿಸುವ ಶಕ್ತಿ ಖಂಡಿತ ಇದೆ. ಆಟದಲ್ಲಿ ಕಣ್ಣುಮುಚ್ಚಿ ಮೋಸ ಮಾಡುವ ಮಗುವಿಗೆ ಅದಿಲ್ಲವೆಂದು ಹೇಳುವುದು ಹೇಗೆ? ಕೊರತೆ ಇರುವುದು ಶಕ್ತಿಯಲ್ಲಲ್ಲ. ಒಂದು ಪುಟದಷ್ಟು ಉದ್ದಕ್ಕೆ, ಕಾಗುಣಿತ, ವಾಕ್ಯ, ಕಥೆಯ ಕ್ರಮ ಇವನ್ನೆಲ್ಲ ನಿಭಾಯಿಸುತ್ತಲೇ, ಆ ಊಹೆಯನ್ನು ಕೈಬಿಡದೆ ಹಿಡಿದುಕೊಂಡು ಹೋಗುವುದರಲ್ಲಿ. ಹಾಗಾಗಿ ಮೊದಲು ಬಾಯಿಮಾತಿನಲ್ಲಿ ಮಾಡಿಸಿ, ಬರವಣಿಗೆಗೆ ಆಮೇಲೆ ಬನ್ನಿ. ನಾಲ್ಕನೆಯ ತರಗತಿಯವರು ಮೂರು ವಾಕ್ಯ ಬರೆದರೆ ಸಾಕು.

ಇನ್ನೊಂದು ವಿಷಯ. ಎಲ್ಲಿಂದ ನೋಡುತ್ತಾರೆ ಎಂಬುದೂ ಏನು ತಿಳಿದಿದ್ದಾರೆ ಎಂಬುದೂ ಬೇರೆ ಬೇರೆ. ಜೀನ್ ಪಿಯಾಜೆ ಮಕ್ಕಳ ಮುಂದೆ ಮೂರು ಗುಡ್ಡಗಳ ಮಾದರಿಯನ್ನಿಟ್ಟು, ಎದುರು ಬದಿಯಲ್ಲಿ ಕೂತ ಗೊಂಬೆಗೆ ಅದು ಹೇಗೆ ಕಾಣುತ್ತದೆ ಎಂದು ಕೇಳುತ್ತಿದ್ದರು. ನಮ್ಮ ಮಕ್ಕಳಿಗೆ ಮಾದರಿಯ ಅಗತ್ಯವಿಲ್ಲ. ಹೊಸನಗರ ತಾಲ್ಲೂಕಿನ ನಗರ ಎಂಬ ಊರಿನ ಕಡೆಯವರು ಬರೆಯುವ ಕೊಡಚಾದ್ರಿ ಬೆಟ್ಟದ ಚಿತ್ರವನ್ನೂ ಕೊಲ್ಲೂರಿನ ಕಡೆಯವರು ಬರೆಯುವ ಚಿತ್ರವನ್ನೂ ಅಕ್ಕಪಕ್ಕ ಇಟ್ಟರೆ ಆಯಿತು. ಆದರೆ ಕಥೆಯ ಪಾಠವನ್ನು ಇಷ್ಟಕ್ಕೇ ನಿಲ್ಲಿಸಿದರೆ ಮಕ್ಕಳು ದೃಷ್ಟಿಕೋನವೆಂದರೆ ನಿಂತ ಜಾಗ ಎಂದುಕೊಂಡುಬಿಡುತ್ತಾರೆ. ಮೇಲಿನ ಸರ್ ಹೇಳಿದ ಕಥೆಯಲ್ಲಿ ಎಮ್ಮೆಯ ಒಡತಿಗೆ ಕೆಸರಿನ ಕಾಲು ಕಂಡು ನಡೆದದ್ದು ತಿಳಿದಿದೆ, ಆದರೆ ಅವಳಿಗೆ ಬೇಕಿರುವುದು ಬೇರೆಯದು. ಕಾಣುವುದು, ತಿಳಿಯುವುದು, ಬಯಸುವುದು ಈ ಮೂರನ್ನೂ ಒಂದೇ ದಿನ ಕಲಿಸಲು ಹೋಗಬೇಡಿ.

ಉತ್ತರ: ಹವ್ಯಾಸಿ ಅರ್ಥಧಾರಿ, ಸಾಗರ

ಪೋಷಕರ ಪ್ರಶ್ನೆಗೆ ಯಾರೂ ಉತ್ತರಿಸಿಲ್ಲವಾದ್ದರಿಂದ ನಾನು ಬರೆಯುತ್ತಿದ್ದೇನೆ. ಮೇಡಂ, ಆ ಪೋಷಕರು ನಮ್ಮ ಸೀಮೆಯವರೇ ಆಗಿದ್ದರೆ, ಯಕ್ಷಗಾನದ ಪ್ರಸಂಗವನ್ನು ಕೂತು ಮಾತಿನಲ್ಲೇ ನಡೆಸುವ ತಾಳಮದ್ದಳೆಯನ್ನು ಕೇಳಿಯೇ ಇರುತ್ತಾರೆ. ವಾಲಿವಧೆಯ ಪ್ರಸಂಗದಲ್ಲಿ ಬಾಣ ತಗುಲಿ ಬಿದ್ದ ವಾಲಿಯು, ಮರೆಯಲ್ಲಿ ನಿಂತು ಹೊಡೆದದ್ದು ಯಾವ ಧರ್ಮ ಎಂದು ರಾಮನನ್ನೇ ಕೇಳುತ್ತಾನೆ. ಪಾತ್ರದ ಮಾತಾಡುವ ಅರ್ಥಧಾರಿ ಒಳ್ಳೆಯವನಾಗಿದ್ದರೆ ಆ ಹೊತ್ತಿನಲ್ಲಿ ಸಭೆ ಪೂರ್ತಿ ವಾಲಿಯ ಕಡೆಗೆ ವಾಲುತ್ತದೆ. ಅಷ್ಟು ಮಾತ್ರಕ್ಕೆ ಕೇಳಿದವರು ಯಾರೂ ರಾಮನನ್ನು ಬಿಟ್ಟು ಎದ್ದು ಹೋಗಿಲ್ಲ. ಇವತ್ತು ವಾಲಿಯ ಅರ್ಥ ಹೇಳಿದವರೇ ಮುಂದಿನ ಕೂಟದಲ್ಲಿ ರಾಮನ ಅರ್ಥ ಹೇಳುತ್ತಾರೆ. ಹುಲಿಯ ಬಾಯಲ್ಲಿ ಕಥೆ ಹೇಳಿಸುವುದರಿಂದ ಪುಣ್ಯಕೋಟಿಯ ಸತ್ಯಕ್ಕೆ ಕುಂದು ಬರುವುದಿಲ್ಲ. ಹಾಗೆ ನೋಡಿದರೆ, ಆ ಕಥೆಯಲ್ಲಿ ಹಸು ತಾನಿದ್ದಂತೆಯೇ ಕೊನೆಯವರೆಗೂ ಇರುತ್ತದೆ, ಮನಸ್ಸು ಬದಲಾಗುವುದು ಹುಲಿಯದು. ಹುಲಿಯ ಒಳಗೆ ಏನಾಯಿತೆಂದು ತಿಳಿಯದೆ ಕಥೆಯ ಕೊನೆಯನ್ನು ಒಪ್ಪುವುದಾದರೂ ಹೇಗೆ? ಹಸು ಮರಳಿ ಬಂದದ್ದನ್ನು ಕಂಡ ಹುಲಿಗೆ ಏನೆನಿಸಿತು ಎಂದು ಮಗು ಬರೆದರೆ, ನೀತಿಯನ್ನು ಬೇರೆಯಾಗಿ ಬರೆಸುವ ಅಗತ್ಯವೇ ಬೀಳುವುದಿಲ್ಲ.

ತರಗತಿಗೂ ಇದೇ ಕ್ರಮವನ್ನು ತರಬಹುದು. ತಾಳಮದ್ದಳೆಯಲ್ಲಿ ಭಾಗವತರು ಪದ್ಯ ಹಾಡುತ್ತಾರೆ. ಅವರಿಗೆ ಎಲ್ಲರ ಕಥೆಯೂ ಗೊತ್ತು, ಎಲ್ಲ ಕಡೆಯೂ ಅವರ ಓಡಾಟವಿದೆ. ಅರ್ಥಧಾರಿ ತನ್ನ ಪಾತ್ರದೊಳಗಿನಿಂದ ಮಾತ್ರ ಮಾತಾಡುತ್ತಾನೆ. ವೇಷವಿಲ್ಲ, ರಂಗಸ್ಥಳವಿಲ್ಲ, ಕುಣಿತವಿಲ್ಲ. ಶಾಲೆಯ ಜಮಖಾನೆಯ ಮೇಲೆ ಕೂತು ಮಾಡುವಂಥದ್ದು. ಒಂದು ಮಗು ಭಾಗವತರಾಗಿ ಕಥೆಯನ್ನು ನಾಲ್ಕು ಸಾಲು ಹೇಳಲಿ, ಇನ್ನೆರಡು ಮಕ್ಕಳು ಹಸುವಾಗಿ ಹುಲಿಯಾಗಿ ಅರ್ಥ ಹೇಳಲಿ. ಎಲ್ಲವನ್ನೂ ಬಲ್ಲ ನಿರೂಪಕನಿಗೂ ಪಾತ್ರವೇ ಹೇಳುವ ಕಥೆಗೂ ಇರುವ ಅಂತರ ಅವರ ಕಿವಿಗೇ ಬೀಳುತ್ತದೆ.

ಪ್ರತಿಕ್ರಿಯೆ: ತಾಯಿ, ಕೊಪ್ಪ

ತಾಳಮದ್ದಳೆಯ ಸಲಹೆ ಕೇಳಲು ಚೆನ್ನಾಗಿದೆ, ಆದರೆ ಮಕ್ಕಳ ಕೈಗೆ ಕೊಟ್ಟರೆ ಅದು ವಾದವಾಗಿಬಿಡುತ್ತದೆ ಎಂಬ ಭಯ ನನಗಿದೆ. ನನ್ನ ಮಗನ ಶಾಲೆಯಲ್ಲಿ ಇಂಥದ್ದೊಂದು ಮಾಡಿಸಿದಾಗ ಹುಲಿಯಾದವನು "ನಾನು ಮಾಂಸಾಹಾರಿ, ಇದು ಪ್ರಕೃತಿ ನಿಯಮ, ಹಸಿವಿಗೆ ನ್ಯಾಯ ಬೇಡವೇ" ಎಂದು ವಕೀಲರಂತೆ ಮಾತಾಡಿ ಚಪ್ಪಾಳೆ ಗಿಟ್ಟಿಸಿದ. ಗೆಲ್ಲುವ ಮಾತನ್ನು ಕಲಿತನೇ ಹೊರತು, ಹುಲಿ ಆಗ ಏನನ್ನು ಬಲ್ಲದು, ಏನನ್ನು ಅರಿಯದು ಎಂಬುದು ಅವನ ತಲೆಗೆ ಹೋಗಲೇ ಇಲ್ಲ. ಮನೆಯಲ್ಲಿ ಅಜ್ಜಿ ಕಥೆ ಹೇಳುವಾಗ "ರಾಜ ಇದ್ದನಂತೆ, ಕಾಡಿಗೆ ಹೋದನಂತೆ" ಎಂದು ಪ್ರತಿ ವಾಕ್ಯಕ್ಕೂ "ಅಂತೆ" ಸೇರಿಸುತ್ತಾರಲ್ಲ, ಅದರಲ್ಲೇ ತಾನು ಕಂಡದ್ದಲ್ಲ, ಕೇಳಿದ್ದು ಎಂಬ ಒಪ್ಪಿಗೆ ಇದೆ. ನನಗೆ ಮಕ್ಕಳ ಜೊತೆ ಅದೇ ದಾರಿ ಸುಲಭವೆನಿಸಿದೆ. ಹುಲಿ ಹೇಳುವ ವಾಕ್ಯಗಳಲ್ಲಿ ಯಾವುದಕ್ಕೆ "ಅಂತೆ" ಬೇಕು, ಯಾವುದಕ್ಕೆ "ಇರಬೇಕು" ಬೇಕು, ಯಾವುದಕ್ಕೆ ಎರಡೂ ಬೇಡ ಎಂದು ಕೇಳಿದರೆ ಆರು ವರ್ಷದವಳೂ ಉತ್ತರ ಕೊಡುತ್ತಾಳೆ. "ಕರು ಅತ್ತಿತು" ಎಂದು ಹುಲಿ ಹೇಳುವ ಹಾಗಿಲ್ಲ. "ಕರು ಅತ್ತಿರಬೇಕು" ಎನ್ನಬಹುದು.

ಉತ್ತರ: ಹವ್ಯಾಸಿ ಅರ್ಥಧಾರಿ, ಸಾಗರ

ನೀವು ಹೇಳಿದ ಅಪಾಯ ನಿಜ, ಮತ್ತು ಅದು ಮಕ್ಕಳಲ್ಲಿ ಮಾತ್ರ ಇರುವಂಥದ್ದಲ್ಲ. ದೊಡ್ಡವರ ಕೂಟಗಳಲ್ಲೂ ಪಾತ್ರವನ್ನು ಬಿಟ್ಟು ವಾದವನ್ನೇ ಹಿಡಿದುಕೊಳ್ಳುವವರಿದ್ದಾರೆ. ಆದರೆ ಬಲ್ಲ ಹಿರಿಯರು ಅದನ್ನು ಮೆಚ್ಚುವುದಿಲ್ಲ. ಪಾತ್ರೌಚಿತ್ಯ ಎಂದು ನಾವು ಹೇಳುವುದರಲ್ಲಿ, ಪಾತ್ರಕ್ಕೆ ಆ ಗಳಿಗೆಯಲ್ಲಿ ತಿಳಿದಿರುವುದಕ್ಕಿಂತ ಹೆಚ್ಚು ಮಾತಾಡಬಾರದು ಎಂಬುದೂ ಸೇರಿದೆ. ಕರ್ಣನಿಗೆ ತನ್ನ ಹುಟ್ಟಿನ ಗುಟ್ಟನ್ನು ಕೃಷ್ಣ ತಿಳಿಸುವುದು ಸಂಧಾನ ಮುರಿದ ಮೇಲೆ. ಅದಕ್ಕಿಂತ ಹಿಂದಿನ ಸನ್ನಿವೇಶದಲ್ಲಿ, ದ್ರೌಪದಿಯ ಸ್ವಯಂವರದಲ್ಲೋ ಮತ್ತೆಲ್ಲೋ, ಅರ್ಜುನ ತನ್ನ ತಮ್ಮನೆಂಬ ನೆರಳು ಕರ್ಣನ ಮಾತಿನಲ್ಲಿ ಸುಳಿದರೆ ಅದು ಅರ್ಥಧಾರಿಯ ಸೋಲು. ಮಹಾಭಾರತ ಪೂರ್ತಿ ಬಲ್ಲವನು, ಅರ್ಧವನ್ನು ಮರೆತವನಂತೆ ಮಾತಾಡಬೇಕು. ಶಿಕ್ಷಕರು ಆಟಕ್ಕೆ ಮುಂಚೆ ಈ ನಿಯಮವನ್ನು ಹಾಕಿ, ಯಾವ ಮಗುವಾದರೂ ತನ್ನ ಪಾತ್ರಕ್ಕೆ ತಿಳಿಯದ ಸಂಗತಿಯನ್ನು ಹೇಳಿದ ಕೂಡಲೇ ಕೇಳುಗರಲ್ಲಿ ಒಬ್ಬರು ತಾಳ ತಟ್ಟಿ ನಿಲ್ಲಿಸಬಹುದು ಎಂದರೆ, ಚಪ್ಪಾಳೆಯ ದಿಕ್ಕೇ ಬದಲಾಗುತ್ತದೆ. "ಅಂತೆ"ಯ ಉಪಾಯವನ್ನು ನಾನೂ ಎತ್ತಿಟ್ಟುಕೊಳ್ಳುತ್ತೇನೆ.

ಮರುಪ್ರಶ್ನೆ: ಕನ್ನಡ ಶಿಕ್ಷಕಿ, ತೀರ್ಥಹಳ್ಳಿ ತಾಲ್ಲೂಕು

ಎಲ್ಲರಿಗೂ ಧನ್ಯವಾದಗಳು. ದಣಪೆಯ ಕಥೆಯನ್ನು ಮುಂದಿನ ವಾರ ತೆಗೆದುಕೊಳ್ಳುತ್ತೇನೆ. ಮಳೆಗಾಲವಾದ್ದರಿಂದ ಜಗಲಿಯಲ್ಲಿ ಕೂತವರಿಗೆ ಒಳಗಿನ ಮಾತು ಕೇಳಿಸುವ ಭಯವೂ ಇಲ್ಲ. ಉಳಿದಿರುವುದು ಎರಡು ಸಂದೇಹ. ಇಂಥ ಬರವಣಿಗೆಗೆ ಅಂಕ ಕೊಡುವುದು ಹೇಗೆ? ಏಳನೆಯ ತರಗತಿಯವರಿಗೂ ಇದನ್ನೇ ಮಾಡಿಸಬೇಕೆಂದು ಮುಖ್ಯ ಶಿಕ್ಷಕರು ಹೇಳಿದ್ದಾರೆ, ಅವರಿಗೆ ಹಸು ಹುಲಿಯ ಕಥೆ ಕೊಟ್ಟರೆ ಚಿಕ್ಕ ಮಕ್ಕಳದೆಂದು ಮೂಗು ಮುರಿಯುತ್ತಾರೆ.

ಉತ್ತರ: ನಿವೃತ್ತ ಶಿಕ್ಷಕ, ಹೊಸನಗರ

ಏಳನೆಯ ತರಗತಿಗೆ ಕಥೆಯನ್ನು ಹುಡುಕಬೇಕಾಗಿಯೇ ಇಲ್ಲ. 2025ರ ಜುಲೈಯಲ್ಲಿ ಶರಾವತಿಯ ಹಿನ್ನೀರಿನ ಮೇಲೆ ಅಂಬಾರಗೋಡ್ಲು ಮತ್ತು ಕಳಸವಳ್ಳಿಯ ನಡುವಿನ ಸೇತುವೆ ಸಂಚಾರಕ್ಕೆ ತೆರೆಯಿತು. ಅದುವರೆಗೆ ಸಿಗಂದೂರಿಗೆ ಹೋಗುವವರೂ ಆ ದಡದ ಊರಿನವರೂ ಲಾಂಚಿಗಾಗಿ ಕಾಯುತ್ತಿದ್ದರು. ಸೇತುವೆಯ ಮೇಲೆ ಮೊದಲ ಬಾರಿ ದಾಟಿದ ದಿನವನ್ನು ಆಚೆ ದಡದ ಬಾಣಂತಿಯೊಬ್ಬಳು ಹೇಳಲಿ, ಲಾಂಚಿನಲ್ಲಿ ಕೆಲಸ ಮಾಡುತ್ತಿದ್ದವನೊಬ್ಬ ಹೇಳಲಿ, ದಡದಲ್ಲಿ ಚುರುಮುರಿ ಮಾರುತ್ತಿದ್ದವಳೊಬ್ಬಳು ಹೇಳಲಿ, ವರ್ಷಕ್ಕೊಮ್ಮೆ ಬೆಂಗಳೂರಿನಿಂದ ಬರುವ ಯಾತ್ರಿಕನೊಬ್ಬ ಹೇಳಲಿ. ಇನ್ನೂ ಆಳಕ್ಕೆ ಇಳಿಯುವ ಮಕ್ಕಳಿದ್ದರೆ, 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದು ನೀರು ನಿಂತಾಗ ಮನೆ ಜಮೀನು ಬಿಟ್ಟು ಎದ್ದ ಅಜ್ಜನೊಬ್ಬನೂ ಆ ಸೇತುವೆಯ ಮೇಲೆ ನಿಂತು ಕೆಳಗಿನ ನೀರನ್ನು ನೋಡಬಹುದು. ಉಳಿದವರಿಗೆ ಅದು ದಾಟಬೇಕಾದ ನೀರು, ಅವನಿಗೆ ಅದರಡಿ ಮುಳುಗಿದ ಊರು. ಇಲ್ಲಿ ಯಾರ ತಿಳಿವಳಿಕೆಯೂ ತಪ್ಪಲ್ಲ, ಯಾರೂ ಏನನ್ನೂ ಮುಚ್ಚಿಡುತ್ತಿಲ್ಲ. ಆದರೂ ಈ ಕಥೆಗಳು ಒಂದಕ್ಕೊಂದು ಹೊಂದುವುದಿಲ್ಲ. ಹದಿಮೂರು ವರ್ಷದವರಿಗೆ ಆ ಕಗ್ಗಂಟು ಬೇಕು.

ಪ್ರೌಢಶಾಲೆಗೆ ಹೋಗುವಷ್ಟರಲ್ಲಿ ಓದುವ ರೂಢಿಯಿದ್ದರೆ ಪೂರ್ಣಚಂದ್ರ ತೇಜಸ್ವಿಯವರ "ಕರ್ವಾಲೊ" ಕೊಡಿ. 1980ರ ಆ ಕಾದಂಬರಿಯನ್ನು "ನಾನು" ಎನ್ನುವವನೊಬ್ಬ ಹೇಳುತ್ತಾನೆ, ಮತ್ತು ಅದರಲ್ಲಿ ಬರುವ ಮಂದಣ್ಣನೆಂಬ ಪಾತ್ರದ ಮನಸ್ಸಿನಲ್ಲಿ ಏನಿದೆ ಎಂಬುದು ಅವನಿಗೂ ಹೊರಗಿನಿಂದ ಕಂಡಷ್ಟೇ, ನಮಗೂ ಅಷ್ಟೇ. ಮಂದಣ್ಣನೇ ಅದನ್ನು ಹೇಳಿದ್ದರೆ ಕಥೆ ಎಲ್ಲಿಂದ ಶುರುವಾಗುತ್ತಿತ್ತು ಎಂದು ಕೇಳಿದರೆ ಒಂದು ತರಗತಿ ಪೂರ್ತಿ ಮಾತಿಗೆ ಬರುತ್ತದೆ.

ಅಂಕದ ಮಾತು. ಕಾಗುಣಿತಕ್ಕೂ ಅಂದಕ್ಕೂ ಬೇರೆ ಬರವಣಿಗೆಗಳಲ್ಲಿ ಅಂಕ ಕೊಡುತ್ತೀರಲ್ಲ, ಇಲ್ಲಿ ಅದನ್ನು ಬಿಡಿ. ಹೇಳುವವನಿಗೆ ತಿಳಿಯದ್ದು ನುಸುಳಿದೆಯೇ, ಅವನಿಗೆ ಮಾತ್ರ ತಿಳಿದಿರುವಂಥದ್ದು ಒಂದಾದರೂ ಇದೆಯೇ, ಇವೆರಡನ್ನು ನೋಡಿ. ಎರಡನೆಯದಕ್ಕೆ ಹೆಚ್ಚು ಅಂಕ. ಲಾಂಚಿನವನ ಕಥೆಯಲ್ಲಿ ಮೋಟಾರಿನ ಸದ್ದು ಎಷ್ಟು ಏರಿದರೆ ದಡ ಹತ್ತಿರವಾಯಿತು ಎಂದು ಬರೆದ ಮಗು, ತಪ್ಪಿಲ್ಲದೆ ಎರಡು ಪುಟ ತುಂಬಿಸಿದ ಮಗುವಿಗಿಂತ ಮುಂದಿದೆ.

ಭಾಷೆಯ ವಿಷಯದಲ್ಲಿ ಒಂದು ಎಚ್ಚರಿಕೆ. ನಿರೂಪಕರು ಬದಲಾದಂತೆ ಕನ್ನಡವೂ ಬದಲಾಗುತ್ತದೆ. ಚುರುಮುರಿಯವಳ ಬಾಯಲ್ಲಿ ಮಕ್ಕಳು "ಬತ್ತಾರೆ", "ಹೋತಾರೆ" ಎಂದು ಬರೆದೇ ಬರೆಯುತ್ತಾರೆ. ಅದನ್ನು ಕೆಂಪು ಶಾಯಿಯಿಂದ ತಿದ್ದಬೇಡಿ. ಆದರೆ ಬೆಂಗಳೂರಿನ ಯಾತ್ರಿಕನೂ ಅದೇ ಧಾಟಿಯಲ್ಲಿ ಮಾತಾಡಿದರೆ ಮಗುವನ್ನು ಕರೆದು, ಇವರು ಯಾವ ಊರಿನವರು ಎಂದು ಕೇಳಿ. ತಿದ್ದುವ ಕೆಲಸವನ್ನು ಮಗುವೇ ಮಾಡಿಕೊಂಡು ತರುತ್ತದೆ.